ಅಟ್ಟದ ಮೇಲಿನ ಮದ್ದಿನ ಡಬ್ಬ: ಆರ್ಮರರ್ ಅವರಿಗೆ ಕೇಳಿ

(ಮೈಸೂರು–ಮಂಡ್ಯ ಕೋವಿ ಲೈಸೆನ್ಸುದಾರರ ಗುಂಪು. ಉತ್ತರಿಸುವವರು ಮೈಸೂರಿನಲ್ಲಿ ಕೋವಿ ರಿಪೇರಿ ಮಾಡುವ ನಿವೃತ್ತ ಆರ್ಮರರ್.)

ಕೆ.ಆರ್. ಪೇಟೆ ಸದಸ್ಯೆ: ನಮಸ್ಕಾರ ಸರ್. ಮಾವನವರ ತಂದೆಯ ಹತ್ತಿರ ಒಂದು ರೈಫಲ್ ಇತ್ತು, ಮಾರಿ ಬಹಳ ವರ್ಷ ಆಯಿತು. ಈಗಿರುವುದು ಬೆಳೆ ಕಾಯುವ ಕೇಪಿನ ಕೋವಿ ಮಾತ್ರ. ಮೊನ್ನೆ ಅಟ್ಟ ಗುಡಿಸುವಾಗ ಒಂದು ತಗಡಿನ ಡಬ್ಬ ಸಿಕ್ಕಿತು. ಮೇಲೆ ‘ಐಎಂಆರ್ 3031’ ಅಂತಿದೆ. ಒಳಗೆ ಸಣ್ಣ ಕಡ್ಡಿಗಳಂಥ ಕಪ್ಪು ಮದ್ದು. ಇದನ್ನೇ ಕೇಪಿನ ಕೋವಿಗೆ ಹಾಕಬಹುದು ಅಂತ ನಮ್ಮ ಮೈದುನ ಹೇಳುತ್ತಿದ್ದಾನೆ. ಹಾಕಬಹುದಾ?

ಕುವೆಂಪುನಗರ ಸದಸ್ಯ: ಅಮೆರಿಕದಲ್ಲಿ ನನ್ನ ತಮ್ಮ ತೋಟಾ ಕೈಯಲ್ಲೇ ತುಂಬುತ್ತಾನೆ. 3031 ಒಳ್ಳೇ ಮದ್ದು, ಈಗಿನವರು ಸುಮ್ನೆ ಮರೆತಿದ್ದಾರೆ ಅಂತಾನೆ. ಬಿಸಾಕಬೇಡಿ ಮೇಡಂ.

ಆರ್ಮರರ್: ಕೋವಿಗೆ ಹಾಕಲೇಬೇಡಿ. ಕಾರಣ ಬಿಡಿಸಿ ಹೇಳುತ್ತೇನೆ, ಮೈದುನನಿಗೂ ಓದಿಸಿ.

3031 ಒಳ್ಳೇ ಮದ್ದು ಅನ್ನುವುದು ನಿಜ. 1934ರಲ್ಲಿ ಡುಪಾಂಟ್ ಕಂಪನಿ ತಂದಿದ್ದು. .30-30ರಂಥ ಹಳೇ ರೈಫಲ್‌ಗಳಿಗೆ ಚೆನ್ನಾಗಿ ಹೊಂದುತ್ತದೆ. ಕಡ್ಡಿ ಉದ್ದ, ಹಾಗಾಗಿ ಅಳತೆ ಯಂತ್ರದಲ್ಲಿ ಸಲೀಸಾಗಿ ಇಳಿಯುವುದಿಲ್ಲ. ಒಂದೊಂದು ಸಲ ಕಡ್ಡಿ ಸಿಕ್ಕಿ ಕಟ್ ಅನ್ನುತ್ತದೆ. ಬೇಸರಪಟ್ಟವರು ನುಣ್ಣಗೆ ಉದುರುವ ಹೊಸ ಮದ್ದಿಗೆ ಹೋದರು. ತೂಕ ಮಾಡಿ ತುಂಬುವ ತಾಳ್ಮೆ ಇದ್ದವರಿಗೆ ಅದು ಇವತ್ತಿಗೂ ನಂಬಿಕೆಯ ಮದ್ದೇ.

ಆದರೆ ಅದು ಹೊಗೆ ಇಲ್ಲದ ಮದ್ದು. ಕೇಪಿನ ಕೋವಿ ಇರುವುದು ಕರಿಮದ್ದಿಗೆ. ಕಡ್ಡಿಗೆ ಗ್ರಾಫೈಟ್ ಸವರಿರುವುದರಿಂದ ನೋಡಲು ಎರಡೂ ಕಪ್ಪು. ಕರಿಮದ್ದು ಅಳೆಯುವ ಅಳತೆಯಲ್ಲೇ ಇದನ್ನು ತುಂಬಿದರೆ ಒತ್ತಡ ತುಂಬಾ ಏರುತ್ತದೆ, ನಳಿಗೆಯ ಬುಡ ಅದನ್ನು ತಡೆಯುವುದಿಲ್ಲ, ಸಿಡಿಯುತ್ತದೆ. ಬೆರಳು ಕಳೆದುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ.

ಈಗ ನೀವು ಹೇಳಿ. ಡಬ್ಬದ ವಾಸನೆ ಹೇಗಿತ್ತು? ಒಳಗೆ ಕೆಂಪು ಪುಡಿ ಇದೆಯಾ?

ಮಳವಳ್ಳಿ ರೈತ: ಸರ್, ಮೈಸೂರಲ್ಲಿ ಮದ್ದು ಎಲ್ಲಿ ಸಿಗುತ್ತೆ?

ಆರ್ಮರರ್: ಲೈಸೆನ್ಸ್ ಇರುವ ಅಂಗಡಿಯಲ್ಲಿ, ನಿಮ್ಮ ಲೈಸೆನ್ಸ್ ತೋರಿಸಿ.

ಕೆ.ಆರ್. ಪೇಟೆ ಸದಸ್ಯೆ: ಮುಚ್ಚಳ ತೆಗೆದಾಗ ಹುಳಿ ವಾಸನೆ, ಮೂಗಿಗೆ ಚುರ್ ಅಂತು. ತುಕ್ಕಿನ ಬಣ್ಣದ ಪುಡಿ ಇದೆ. ಡಬ್ಬದ ಒಳಗೂ ತುಕ್ಕು.

ಹುಣಸೂರು ಸದಸ್ಯ: ತೇವ ಹಿಡಿದಿರಬೇಕು ಅಷ್ಟೇ. ಬೇರೆ ಗುಂಪಿನಲ್ಲಿ ಬಂದಿದ್ದು: ‘ಹಳೇ ಮದ್ದನ್ನು ಎರಡು ದಿನ ಬಿಸಿಲಿಗೆ ಹರವಿ, ಆಮೇಲೆ ಅಕ್ಕಿ ಜೊತೆ ಡಬ್ಬದಲ್ಲಿಡಿ, ಹೊಸದರಂತೆ ಆಗುತ್ತದೆ.’

ಆರ್ಮರರ್: ದಯವಿಟ್ಟು ಅದನ್ನು ಅಳಿಸಿ. ಮದ್ದು ಹಪ್ಪಳ ಅಲ್ಲ.

ಮೇಡಂ, ಇದು ತೇವ ಅಲ್ಲ, ಮದ್ದೇ ಕೊಳೆಯುತ್ತಿದೆ. ಹೊಗೆ ಇಲ್ಲದ ಮದ್ದು ನೈಟ್ರೋಸೆಲ್ಯುಲೋಸಿನದು. ವರ್ಷ ಕಳೆದಂತೆ ಅದು ತಾನೇ ಒಡೆದು ಆಮ್ಲದ ಆವಿ ಬಿಡುತ್ತದೆ. ಆ ಆಮ್ಲ ಉಳಿದ ಮದ್ದನ್ನು ಇನ್ನೂ ಬೇಗ ಒಡೆಯುತ್ತದೆ. ಇದನ್ನು ತಡೆಯಲೆಂದೇ ಡೈಫಿನೈಲಮೈನ್ ಅನ್ನುವ ರಾಸಾಯನಿಕ ಬೆರೆಸಿರುತ್ತಾರೆ. ಅದು ಆವಿಯನ್ನು ಹೀರುತ್ತಾ ಹೀರುತ್ತಾ ಒಂದು ದಿನ ಮುಗಿಯುತ್ತದೆ. ಆಮೇಲೆ ಡಬ್ಬ ಒಳಗಿಂದಲೇ ಬಿಸಿಯಾಗುತ್ತದೆ. ಯಾರೂ ಬೆಂಕಿ ಕೊಡದೆ ಹತ್ತಿಕೊಳ್ಳಬಹುದು. ಸೆಖೆ ಜಾಸ್ತಿ ಆದಷ್ಟೂ ಬೇಗ. ಹೆಂಚಿನ ಕೆಳಗಿನ ಅಟ್ಟ ಎಷ್ಟು ಕಾಯುತ್ತದೆ ಅಂತ ನಿಮಗೇ ಗೊತ್ತು. ಚೆನ್ನಾಗಿರುವ ಮದ್ದಿಗೆ ಸ್ಪಿರಿಟ್ಟಿನಂಥ ಸಣ್ಣ ವಾಸನೆ ಇರುತ್ತದೆ, ಹುಳಿ ಇರುವುದಿಲ್ಲ.

ಮತ್ತೆ ತೆರೆಯಬೇಡಿ, ಅಲ್ಲಾಡಿಸಬೇಡಿ. ಹಳ್ಳಕ್ಕೆ ಸುರಿಯಬೇಡಿ, ತಿಪ್ಪೆಯಲ್ಲಿ ಸುಡಬೇಡಿ. ಸ್ಟೇಷನ್ನಿಗೆ ಬೈಕಿನಲ್ಲಿ ಒಯ್ಯಬೇಡಿ. ಮಕ್ಕಳನ್ನು ಆ ಕಡೆ ಬಿಡಬೇಡಿ. ಪೊಲೀಸರಿಗೆ ಫೋನ್ ಮಾಡಿ ‘ಹಳೇ ಮದ್ದು, ಕೊಳೆತ ವಾಸನೆ ಬರುತ್ತಿದೆ’ ಅಂತ ಇದೇ ಮಾತಿನಲ್ಲಿ ಹೇಳಿ. ಅಜ್ಜನ ಹಳೇ ಲೈಸೆನ್ಸ್ ಇದ್ದರೆ ತೆಗೆದಿಟ್ಟುಕೊಳ್ಳಿ.

ಶ್ರೀರಂಗಪಟ್ಟಣ ಸದಸ್ಯ: ಟಿಪ್ಪು ಕಾಲದ ಮದ್ದಿನ ಮನೆ ನಮ್ಮೂರಲ್ಲಿದೆ. 2017ರಲ್ಲಿ ರೈಲಿನ ಜೋಡಿ ಹಳಿಗಾಗಿ ಒಂದನ್ನು ಇಡೀ ಕಟ್ಟಡವಾಗಿಯೇ ಸರಿಸಿದರು. ಆ ಕಾಲದಲ್ಲಿ ಮದ್ದು ಕೆಡುತ್ತಿರಲಿಲ್ಲವಾ?

ಆರ್ಮರರ್: ಅದು ಕರಿಮದ್ದು. ಒಣಗಿದ್ದರೆ ನೂರಾರು ವರ್ಷ ಇರುತ್ತದೆ. ಕಿಡಿ ತಾಗಬಾರದು ಅಷ್ಟೇ. ದಪ್ಪ ಗೋಡೆ ಕಟ್ಟಿ ಮದ್ದಿಗೇ ಬೇರೆ ಮನೆ ಮಾಡಿದ್ದರು. ನಾವು ಮಲಗುವ ಕೋಣೆಯ ಮೇಲಿಡುತ್ತೇವೆ.

ಮಳವಳ್ಳಿ ರೈತ: ಹಂದಿ ಒಂದೇ ರಾತ್ರಿಗೆ ಅರ್ಧ ಎಕರೆ ಕಬ್ಬು ಉರುಳಿಸಿವೆ. ಎಲೆಕ್ಷನ್ ಬಂದರೆ ಕೋವಿ ಸ್ಟೇಷನ್ನಿನಲ್ಲಿ. ನಾವೇ ಮದ್ದು ಅರೆದುಕೊಂಡರೆ ತಪ್ಪೇನು?

ಪಾಂಡವಪುರ ಸದಸ್ಯ: ತಪ್ಪೇನಾ? ಹಂದಿಗೆ ಅಂತ ಯಾರೋ ಇಟ್ಟ ಸಿಡಿಮದ್ದು ಕಚ್ಚಿ ನಮ್ಮ ಹಸುವಿನ ದವಡೆ ಹೋಯಿತು. ನಿಮ್ಮಂಥವರದೇ ಕೆಲಸ.

ಮಳವಳ್ಳಿ ರೈತ: ನಾನು ಇಟ್ಟಿದ್ದು ನೋಡಿದ್ರಾ? ಬಾಯಿಗೆ ಬಂದಂತೆ ಮಾತಾಡಬೇಡಿ. ನಿಮ್ಮ ಕಬ್ಬು ಹೋಗಿದ್ದರೆ ತಿಳಿಯುತ್ತಿತ್ತು.

ಪಾಂಡವಪುರ ಸದಸ್ಯ: ನನ್ನ ಹಸು ಹೋಗಿದೆಯಲ್ಲ, ಸಾಲದಾ?

ಆರ್ಮರರ್: ಲೈಸೆನ್ಸ್ ಇಲ್ಲದೆ ಮದ್ದು ತಯಾರಿಸುವುದು ಅಪರಾಧ. ಅರೆಯುವಾಗ ಹತ್ತಿಕೊಂಡರೆ ಕೈ ಉಳಿಯುವುದಿಲ್ಲ. ಇಬ್ಬರೂ ನಿಲ್ಲಿಸಿ.

ನಂಜನಗೂಡು ಸದಸ್ಯ: ತಂದೆಯ ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸಲು ಏನು ಬೇಕು ಸರ್?

ಕುವೆಂಪುನಗರ ಸದಸ್ಯ: ತಮ್ಮ ಈಗ 4895 ಅನ್ನುವ ಮದ್ದು ತಂದಿದ್ದಾನಂತೆ. ಎಷ್ಟು ಗ್ರೇನ್ (ಮದ್ದಿನ ತೂಕದ ಅಳತೆ) ಹಾಕಬೇಕು ಅಂತ ಕೇಳುತ್ತಿದ್ದಾನೆ.

ಆರ್ಮರರ್: ಲೆಕ್ಕ ಇಲ್ಲಿ ಕೊಡುವುದಿಲ್ಲ. ಅವನ ಡಬ್ಬದ ಕಂಪನಿಯ ಈಗಿನ ಪುಸ್ತಕ ನೋಡಲಿ. 4895 ಅಂತ ಐಎಂಆರ್‌ನದೂ ಇದೆ, ಹಾಜ್ಡನ್ ಕಂಪನಿಯದೂ ಇದೆ. ನಂಬರ್ ಒಂದೇ, ಮದ್ದು ಬೇರೆ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಬಾರದು.

ಟಿ. ನರಸೀಪುರ ಸದಸ್ಯ: ಮದ್ದು ಎಲ್ಲಿ ಸಿಗುತ್ತೆ ಸರ್?

ಆರ್ಮರರ್: ಮೇಲೆ ಓದಿ.

ಹುಣಸೂರು ಸದಸ್ಯ: ಅಕ್ಕಿ ವಿಷಯ ಸುಳ್ಳು ಅಂತ ನೀವು ಹೇಗೆ ಹೇಳ್ತೀರಿ? ಕಳಿಸಿದವರೂ ತಿಳಿದವರೇ.

ಆರ್ಮರರ್: ಕಳಿಸಿದವರು ಆ ಮನೆಯಲ್ಲಿ ಮಲಗುವುದಿಲ್ಲ. ಇದು ಕೊನೇ ಸಲ, ಅಳಿಸಿ. ಕೆ.ಆರ್. ಪೇಟೆ ಮೇಡಂ, ಫೋನ್ ಮಾಡಿದಿರಾ?

ಕೆ.ಆರ್. ಪೇಟೆ ಸದಸ್ಯೆ: ಸರ್, ಮೈದುನ ಆ ಬಿಸಿಲಿನ ಮೆಸೇಜ್ ಓದಿ ಡಬ್ಬ ಇಳಿಸಿಬಿಟ್ಟಿದ್ದಾನೆ. ಅಂಗಳದಲ್ಲಿ ಬಿಸಿಲಿಗೆ ಇಟ್ಟಿದ್ದಾನೆ. ಪಕ್ಕದಲ್ಲೇ ಹುಲ್ಲಿನ ಮೆದೆ.

ಆರ್ಮರರ್: ಯಾರೂ ಹತ್ತಿರ ಹೋಗಬೇಡಿ, ಡಬ್ಬ ಮುಟ್ಟಬೇಡಿ. ಎಲ್ಲರೂ ಹಿಂಬಾಗಿಲಿನಿಂದ ಹೊರಗೆ ಬಂದು ದೂರ ನಿಲ್ಲಿ. ಪಕ್ಕದ ಮನೆಯವರನ್ನೂ ಕರೆಯಿರಿ. ಈಗಲೇ 112ಕ್ಕೆ ಮಾಡಿ.

ಕೆ.ಆರ್. ಪೇಟೆ ಸದಸ್ಯೆ: ಬಂದ್ವಿ ಸರ್. ಮಕ್ಕಳೂ ಜೊತೆಗಿದ್ದಾರೆ. ಮಾವ ಫೋನಿನಲ್ಲಿ ಮಾತಾಡುತ್ತಿದ್ದಾರೆ.