ಪದ ಬೇಕು (ಅರ್ಜೆಂಟ್): ಕಂಪ್ಯೂಟರ್ ಕ್ರ್ಯಾಶ್, ಹ್ಯಾಂಗ್, ಬೂಟ್ ಆಗದೇ ಇರೋದು

ಗಂಗಾವತಿಯಿಂದ:

ನಮಸ್ಕಾರ. ನಾಳೆ ಮಧ್ಯಾಹ್ನದೊಳಗ ಪ್ರೆಸ್ಸಿಗೆ ಕೊಡೋದೈತಿ, ಅದಕ್ಕ ಸೀದಾ ವಿಷಯಕ್ಕ ಬರ್ತೀನಿ. ನಮ್ಮ ಭಾವಂದು ಇಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ. ಕಾರಟಗಿ, ಕನಕಗಿರಿ ಕಡಿಂದೆಲ್ಲ ಜನ ಸಿಪಿಯು ಡಬ್ಬಿ ಟಂಟಂನಾಗ ಹಾಕ್ಕೊಂಡು ಬರ್ತಾರ, ನೋಡಿದ್ರ ಎಷ್ಟೋ ಸಲ ಪೆನ್‌ಡ್ರೈವ್ ಹಂಗೇ ಚುಚ್ಚಿರ್ತೈತಿ ಇಲ್ಲಾ ರ್‍ಯಾಮ್ ಅನ್ನೋ ಮೆಮೊರಿ ಪಟ್ಟಿ ಸಡ್ಲಾಗಿರ್ತೈತಿ, ಮನ್ಯಾಗೇ ಆಗೋ ಕೆಲ್ಸ. ಅದಕ್ಕ "ಅಂಗಡಿಗೆ ತರೋಕಿಂತ ಮೊದ್ಲು ಮನ್ಯಾಗ ಇಷ್ಟು ನೋಡ್ರಿ" ಅಂತ ಎರಡೂ ಮಗ್ಗಲ ಪ್ರಿಂಟ್ ಇರೋ ಒಂದು ಹಾಳಿ ಹಂಚೋಣ ಅಂತ.

ಇಂಗ್ಲಿಷ್ ಮೂಲ ತಗೊಂಡು ಮಷೀನ್ ಅನುವಾದಕ್ಕ ಹಾಕಿದ್ರ "ನಿಮ್ಮ ಗಣಕಯಂತ್ರವು ಅಪಘಾತಕ್ಕೀಡಾಗಿದೆ" ಅಂತ ಬಂತು. ಆಂಬುಲೆನ್ಸ್ ಕರೀಬೇಕೇನೋ. ಈಗ ಕ್ರ್ಯಾಶ್, ಹ್ಯಾಂಗ್, ಬೂಟ್, ಬೂಟ್ ಫೇಲ್ಯೂರ್, ಟ್ರಬಲ್‌ಶೂಟಿಂಗ್, ಸೇಫ್ ಮೋಡ್ (ಬೇಕಾದಷ್ಟೇ ಇಟ್ಕೊಂಡು ವಿಂಡೋಸ್ ಚಾಲೂ ಮಾಡೋದು) ಇಷ್ಟಕ್ಕ ಪದ ಬೇಕು. ಓದೋರು ಮಿಲ್ಲಿನ ಗುಮಾಸ್ತರು, ಕಾಲೇಜು ಹುಡುಗ್ರು, ಝೆರಾಕ್ಸ್ ಅಂಗಡಿಯೋರು. ಬಲ್ಲೋರು ಹೇಳ್ರಿ.

ಕೊಪ್ಪಳದಿಂದ:

ಮೊದಲು 'ಗಣಕಯಂತ್ರ' ಕಿತ್ತಾಕಿ. ಗಣಕನೂ ನಮ್ದಲ್ಲ ಯಂತ್ರನೂ ನಮ್ದಲ್ಲ, ಎರಡೂ ಸಂಸ್ಕ್ರುತ. ಎಣ್ಣುಕ ಅನ್ನೋ ಚೊಕ್ಕ ಪದ ಇದೆ. ಎಣ್ಣು ಅಂದ್ರೆ ಎಣಿಸು, ಅದು ಮಾಡೋ ಕೆಲಸನೂ ಅಶ್ಟೇ.

ಬೂಟ್ ಅಂದ್ರೆ ಕಾಲಿಗೆ ಹಾಕೋ ಬೂಟೇ. ಬೂಟಿನ ಹಿಂದಿನ ಪಟ್ಟಿ ಹಿಡಿದು ತನ್ನನ್ನ ತಾನೇ ಮೇಲೆತ್ತಿಕೊಳ್ಳೋದು, ಬೂಟ್‌ಸ್ಟ್ರಾಪ್, ಅದನ್ನ ತುಂಡು ಮಾಡಿ ಬೂಟ್ ಅಂದ್ರು. ಚಿಪ್ಪಿನಲ್ಲಿರೋ ಪುಟ್ಟ ಪ್ರೋಗ್ರಾಮು ಡಿಸ್ಕಿನಲ್ಲಿರೋ ದೊಡ್ಡದನ್ನ ಎಬ್ಬಿಸ್ತದೆ, ಹಾಗಾಗಿ ಕನ್ನಡದಲ್ಲಿ 'ಏಳು' ಸಾಕು. ರೀಬೂಟ್ = ಮತ್ತೆ ಎಬ್ಬಿಸು. ಬೂಟ್ ಪೇಲ್ಯೂರ್ = ಏಳದಿರುವಿಕೆ. ಕ್ರ್ಯಾಶ್ = ಕುಸಿತ. ಹ್ಯಾಂಗ್ = ಸಿಲುಕು. ಟ್ರಬಲ್‌ಶೂಟಿಂಗ್ = ತೊಡಕು ಬಿಡಿಸುವುದು. ಸೇಪ್ ಮೋಡ್ = ಕಾಪಿನ ಬಗೆ.

ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಅಂತ ನಾಲ್ಕು ಊರು ಎಣಿಸ್ತದೆ. ಕೊಪಣ ಅಂದ್ರೆ ಇದೇ ನಮ್ಮ ಕೊಪ್ಪಳ. ಅದರ ಮಗ್ಗುಲಲ್ಲೇ ಕೂತು ಅಪಘಾತ ಗಿಪಘಾತ ಅಚ್ಚು ಹಾಕಿಸಬೇಡಿ.

ರಾಯಚೂರಿಂದ:

ಎಣ್ಣುಕ ಅಂತ ಬೋರ್ಡ್ ಹಾಕಿದ್ರ ಜನ ಕ್ಯಾನ್ ಹಿಡ್ಕೊಂಡು ಎಣ್ಣಿಗೆ ಬರ್ತಾರ. ಮುಗೀತು.

'ಶತಮಾನ', 'ಪದ' ಇವೆರಡೂ ತಿರುಳ್ಗನ್ನಡದಾಗ ಯಾವ ಓಣ್ಯಾಗ ಸಿಗ್ತಾವ ಕೊಪ್ಪಳದೋರು ಹೇಳ್ಬೇಕು. ಕವಿರಾಜಮಾರ್ಗ ಅಂತ ಎದೆ ತಟ್ಟಿಕೊಳ್ಳೋರು ಅದು ದಂಡಿಯ ಸಂಸ್ಕೃತ ಕಾವ್ಯಾದರ್ಶ ಮುಂದಿಟ್ಕೊಂಡು ಬರೆದ ಗ್ರಂಥ, ಪುಟಪುಟಕ್ಕೂ ಸಂಸ್ಕೃತ ಅದ ಅನ್ನೋದೂ ಹೇಳ್ಬೇಕಲ್ಲ. ಇನ್ನ ನೆಲದ ಹಳೇತನಾನೇ ಅಳತಿ ಆದ್ರ ನಮ್ಮ ಮಸ್ಕಿಯ ಅಶೋಕನ ಶಾಸನ, ನಿಮ್ಮ ಗವಿಮಠ, ಪಾಲ್ಕಿಗುಂಡು ಶಾಸನ ಎಲ್ಲಾ ಪ್ರಾಕೃತದಾಗ ಅವ. ಹಂಗಂತ ಹಾಳಿನ ಪ್ರಾಕೃತದಾಗ ಬರಿಯೋಣೇನು.

'ಕುಸಿತ' ತಪ್ಪು. ಗೋಡಿ ಕುಸೀತದ, ದರ ಕುಸೀತದ. ನಿಂತ ಜಾಗದಾಗೇ ನಿಂತ ಡಬ್ಬಿ ಎಲ್ಲಿ ಕುಸೀತು? ಕ್ರ್ಯಾಶ್ = ಸ್ಥಗಿತ. ಬೂಟ್ ಫೇಲ್ಯೂರ್ = ಪ್ರಾರಂಭ ವೈಫಲ್ಯ. ಸೇಫ್ ಮೋಡ್ = ಸುರಕ್ಷಿತ ಸ್ಥಿತಿ. ಓದು ಬಂದೋರಿಗೆ ಇವು ಸಾಕು.

ಬಳ್ಳಾರಿಯಿಂದ:

ನಾನು ಮನೆಮನೆಗೆ ಹೋಗಿ ಸರ್ವೀಸ್ ಮಾಡೋನು, ಪಂಡಿತ ಅಲ್ಲ. ಆದ್ರೆ ನೀವಿಬ್ರೂ ಪದಕ್ಕೆ ಬಡದಾಡ್ತಾ ತೊಂದ್ರೆ ಯಾವ್ದು ಅಂತಾನೇ ನೋಡ್ಲಿಲ್ಲ. ಗಿರಾಕಿ ಫೋನಿನಾಗೆ ಅನ್ನೋದು ಒಂದೇ, "ಆನ್ ಆಗ್ತಿಲ್ಲ". ಅದರಾಗೆ ನಾಲ್ಕು ಬೇರೆ ಬೇರೆ ರೋಗ ಐತೆ.

ಬಟನ್ ಒತ್ತಿದ್ರೆ ಲೈಟೂ ಇಲ್ಲ ಫ್ಯಾನೂ ಇಲ್ಲ ಅಂದ್ರೆ ಕರೆಂಟಿನ ದಾರಿ ಕಟ್ ಆಗೈತೆ, ಗೋಡೆ ಸ್ವಿಚ್ಚು, ಎಕ್ಸ್‌ಟೆನ್ಶನ್ ಬೋರ್ಡು, ಹಿಂದಿನ ಕೇಬಲ್ಲು, ಕೊನೆಗೆ ಎಸ್‌ಎಂಪಿಎಸ್ಸು ಅಂದ್ರೆ ಡಬ್ಬಿಯೊಳಗೆ ಕರೆಂಟ್ ಕೊಡೋ ಪೆಟ್ಟಿಗೆ, ಈ ಕ್ರಮದಾಗೆ ನೋಡ್ಬೇಕು. ಫ್ಯಾನ್ ತಿರುಗ್ತೈತೆ ಪರದೆ ಕಪ್ಪು, ಜತೆಗೆ ಬೀಪ್ ಬೀಪ್ ಅಂತೈತೆ ಅಂದ್ರೆ ಬಹಳ ಸಲ ರ್‍ಯಾಮು. ವೈರ್ ಪೂರ್ತಿ ಕಿತ್ತು ರ್‍ಯಾಮ್ ತೆಗ್ದು ಅದರ ಬಂಗಾರ ಬಣ್ಣದ ಹಲ್ಲುಗಳನ್ನ ಮಕ್ಕಳ ರಬ್ಬರಿಂದ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿ ಊದಿ, ಎರಡೂ ಕಡೆ ಕ್ಲಿಪ್ಪು ಟಕ್ ಅನ್ನೋವರ್ಗೂ ಒತ್ತಿ ಕೂರಿಸ್ಬೇಕು. ಕಂಪನಿ ಲೋಗೋ ಬಂದು ಆಮೇಲೆ ಬೂಟ್ ಡಿವೈಸ್ ಇಲ್ಲ ಅಂತ ತೋರಿಸಿದ್ರೆ ಪೆನ್‌ಡ್ರೈವ್ ತೆಗಿರಿ, ಡಿಸ್ಕಿನ ವೈರ್ ನೋಡ್ರಿ. ದಿನಾ ತಾರೀಖು ಹಿಂದಕ್ಕೆ ಹೋಗ್ತಿದ್ರೆ ಬೋರ್ಡಿನ ಮೇಲಿನ ಗುಂಡನೆ ಸೆಲ್ಲು ಸತ್ತೈತೆ, ಸಿಆರ್ 2032 ಅಂತ ಕೇಳಿದ್ರೆ ವಾಚಿನಂಗಡೀಲೂ ಕೊಡ್ತಾರೆ. ಡಿಸ್ಕು ಟಿಕ್ ಟಿಕ್ ಅಂತ ಬಡ್ಕೊಳ್ತಿದ್ರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಮತ್ತೆ ಮತ್ತೆ ಆನ್ ಮಾಡಿದಷ್ಟೂ ಫೋಟೋ ಲೆಕ್ಕ ಎಲ್ಲಾ ಹೋಗ್ತವೆ.

ನಾಲ್ಕನೇದು, ವಿಂಡೋಸ್ ಅರ್ಧ ಬಂದು ನೀಲಿ ಪರದೆ ಬಿದ್ದು ತಾನೇ ರೀಸ್ಟಾರ್ಟ್ ಆಗೋದು. ಕ್ರ್ಯಾಶ್ ಅನ್ನೋದು ಇದಕ್ಕೆ. ನೀಲಿ ಪರದೆ (2025ರಿಂದ ಹೊಸ ವಿಂಡೋಸ್ 11ರಾಗೆ ಕಪ್ಪು) ಮೇಲೆ ಸ್ಟಾಪ್ ಕೋಡ್ ಅಂತ ಇರ್ತೈತೆ, ಮೊಬೈಲಿನಾಗೆ ಫೋಟೋ ಹೊಡ್ಕೊಳ್ರಿ, ನಮ್ಮಂತೋರಿಗೆ ಅದೇ ಬೇಕು. ಸೇಫ್ ಮೋಡಿಗೆ ವಿಂಡೋಸ್ 7ರಾಗೆ ಎಫ್ ಎಂಟು ಒತ್ತಿದ್ರೆ ಆಗ್ತಿತ್ತು, ಈಗ 10, 11ರಾಗೆ ಶಿಫ್ಟ್ ಹಿಡ್ದು ರೀಸ್ಟಾರ್ಟ್ ಕ್ಲಿಕ್ ಮಾಡ್ಬೇಕು, ಲಾಗಿನ್ ತನಕಾನೂ ಬರದಿದ್ರೆ ವಿಂಡೋಸ್ ಬರೋ ಹೊತ್ತಿಗೆ ಪವರ್ ಬಟನ್ ಒತ್ತಿ ಹಿಡ್ದು ಎರಡ್ಮೂರು ಸಲ ಆರ್ಸಿದ್ರೆ ರಿಪೇರಿ ಪರದೆ ತಾನೇ ಬರ್ತೈತೆ. 2024ರ ಜುಲೈ 19ಕ್ಕೆ ಒಂದು ಸೆಕ್ಯುರಿಟಿ ಸಾಫ್ಟ್‌ವೇರಿನ ಅಪ್ಡೇಟ್ ಕೆಟ್ಟು ಪ್ರಪಂಚದಾಗೆ ಸುಮಾರು 85 ಲಕ್ಷ ವಿಂಡೋಸ್ ಮಷೀನು ನೀಲಿ ಬಿದ್ವಲ್ಲ, ಬಹಳಷ್ಟು ಕಡೆ ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸಿದ್ ಮೇಲೇ ಎದ್ದಿದ್ದು.

ಇನ್ನೊಂದೈತೆ. ಬೇಸಿಗೇಲಿ ನಮ್ಮ ಬಳ್ಳಾರಿ ರಾಯಚೂರು ಬಿಸಿಲಿಗೆ ಮಷೀನು ಇದ್ದಕ್ಕಿದ್ದಂಗೆ ಟಪ್ ಅಂತ ಆರೋದು. ಅದು ಕ್ರ್ಯಾಶ್ ಅಲ್ಲ, ಪ್ರೊಸೆಸರ್ ಕಾದು ತನ್ನನ್ನ ಉಳಿಸ್ಕೊಳ್ಳೋಕೆ ತಾನೇ ಆಫ್ ಆಗೋದು. ಹೋದ ಬೇಸಿಗೇಲಿ ಒಂದು ರೈಸ್ ಮಿಲ್ಲಿನೋರ ಮನೇದು ಬಿಚ್ಚಿದೆ, ಹೀಟ್‌ಸಿಂಕಿನ (ಪ್ರೊಸೆಸರ್ ಬಿಸಿ ಎಳೆಯೋ ಲೋಹದ ತುಂಡು) ಸಂದು ಸಂದಿನಾಗೂ ತೌಡು ಮೆತ್ಕೊಂಡು ಹಪ್ಪಳದಂಗೆ ಎದ್ದು ಬಂತು. ಸಂಡೂರು ಹೊಸಪೇಟೆ ಕಡೆ ಅದಿರಿನ ಕೆಂಪು ಧೂಳು. ಬ್ರಷ್ ಹಾಕಿ ಥರ್ಮಲ್ ಪೇಸ್ಟ್ ಬದಲಿಸಿದ್ರೆ ಮುಗೀತು.

ಈಗ ಹೇಳ್ರಿ, ಎಲ್ಲದಕ್ಕೂ 'ಸ್ಥಗಿತ' ಅಂತ ಬರದ್ರೆ ಓದಿದೋನು ರ್‍ಯಾಮ್ ಉಜ್ಜಬೇಕೋ ವೈರ್ ನೋಡ್ಬೇಕೋ?

ರಾಯಚೂರಿಂದ:

ಇದು ತಂತ್ರಜ್ಞಾನದ ಪಾಠ, ಪದಚರ್ಚೆ ಅಲ್ಲ.

ಸಿಂಧನೂರಿಂದ:

ಪದಚರ್ಚೆ ಇದೇ ರೀ ಸರ್. ಬಳ್ಳಾರಿಯೋರು ಹೇಳಿದ್ದರಾಗ ಅರ್ಧ ಐತಿ, ಇನ್ನರ್ಧ ನಾ ಹೇಳ್ತೀನಿ. ಗಿರಾಕಿ "ಆನ್ ಆಗ್ತಿಲ್ಲ" ಅನ್ನೋದು ಬಳ್ಳಾರಿ ಪ್ಯಾಟ್ಯಾಗ, ನಮ್ಮ ಕಡೆ ಅನ್ನೋದು "ಚಾಲೂ ಆಗವಲ್ದು".

ಈ ವಲ್ದು ಬಂದಿದ್ದು ಒಲ್ಲು ಅನ್ನೋದರಿಂದ. ಆಗಲು ಒಲ್ಲದು, ಆಗವಲ್ದು. ಅವ ಬರವಲ್ಲ, ಮಳಿ ಬರವಲ್ದು. ಈಗ ಮೂರು ಜೋಡ್ಸಿ ನೋಡ್ರಿ. ಆಗಿಲ್ಲ ಅಂದ್ರ ಇನ್ನೂ ಆಗಿಲ್ಲ, ಆಮ್ಯಾಗ ಆದೀತು. ಆಗಂಗಿಲ್ಲ ಅಂದ್ರ ಅದು ಆಗೋ ಪೈಕಿನೇ ಅಲ್ಲ, ಬಿಟ್ಬಿಡು. ಆಗವಲ್ದು ಅಂದ್ರ ನಾನು ಬಟನ್ ಒತ್ತಾಕಹತ್ತೀನಿ, ಒತ್ತಿ ಒತ್ತಿ ಸಾಕಾಗೈತಿ, ಅದು ಮಾತ್ರ ಈಗ ಈ ಹೊತ್ತಿನ್ಯಾಗ ಕೇಳವಲ್ದು. ಬೂಟ್ ಫೇಲ್ಯೂರಿನ ಇದಕಿಂತ ಕರೆಕ್ಟಾಗಿ ಯಾವ ನಿಘಂಟು ಹೇಳ್ತೈತಿ? 'ಪ್ರಾರಂಭ ವೈಫಲ್ಯ'ದಾಗ ಈ ಮೂರರ ಪೈಕಿ ಯಾವ್ದು ಅಂತ ತಿಳಿತೈತೇನು? 'ಏಳದಿರುವಿಕೆ'ಗೂ ಅದೇ ಗತಿ. ಇಬ್ರೂ ಕ್ರಿಯಾಪದ ಕೊಂದು ನಾಮಪದ ಮಾಡಾಕ ಹೊಂಟೀರಿ. ತೊಂದ್ರಿ ಹೇಳೋ ಹಾಳಿಗೆ ನಾಮಪದ ಯಾಕ ಬೇಕು? "ಫ್ಯಾನ್ ತಿರಗತೈತಿ, ಪರದೆ ಬರವಲ್ದು" ಅಂತ ತಲೆಬರಹ ಕೊಡ್ರಿ, ಓದಿದೋನಿಗೆ ತಂದು ಯಾವ ರೋಗ ಅಂತ ಅಲ್ಲೇ ಸಿಗ್ತೈತಿ.

ಹ್ಯಾಂಗಿಗೂ ಪದ ಐತಿ, "ಗರ ಬಡದು ಕುಂತೈತಿ". ಪರದೆ ಕಾಣ್ತೈತಿ, ಮೌಸ್ ಅಲ್ಲಾಡವಲ್ದು, ಕೀ ಒತ್ತಿದ್ರ ಹೂಂ ಇಲ್ಲ ಹಾಂ ಇಲ್ಲ. ಗರ ಬಡದೋನೂ ಹಂಗೇ ಅಲ್ಲೇನು, ಕಣ್ಣು ತಗದಿರ್ತಾನ ಮಾತಾಡಂಗಿಲ್ಲ.

ರಾಯಚೂರಿಂದ:

ಒಲ್ಲೆ ಅನ್ಬೇಕಾದ್ರ ಮನಸ್ಸಿರ್ಬೇಕು. ಮಷೀನಿಗೆ ಎಲ್ಲಿಂದ ಬಂತು?

ಸಿಂಧನೂರಿಂದ:

ಮಳಿಗೆ ಎಲ್ಲಿಂದ ಬಂತು?

ಕೊಪ್ಪಳದಿಂದ:

ವಲ್ದು ಒಪ್ಪಿದೆ, ಅದು ಅಚ್ಚಗನ್ನಡ. ಆದ್ರೆ 'ಚಾಲೂ' ಹಿಂದಿ ಮರಾಟಿ ಕಡೆಯದು. "ಏಳವಲ್ದು" ಅನ್ನಿ. ಗರ ಬಡಿದು ಕೂರೋದು ಸಕತ್ತಾಗಿದೆ, ಇಂತಾ ಅಪ್ಪಟ ಕನ್ನಡ ಪದಗಳನ್ನ ಬಿಟ್ಟು ನಾವು ಎಲ್ಲೆಲ್ಲೋ ಹುಡುಕ್ತೀವಿ.

ರಾಯಚೂರಿಂದ:

ಗರ = ಗ್ರಹ. ಸಂಸ್ಕೃತದ ತದ್ಭವ. ಗ್ರಹ ಬಡಿದವನು, ಗರ ಬಡಿದವನು. ಅಪ್ಪಟ ಕನ್ನಡಕ್ಕೆ ಅಭಿನಂದನೆಗಳು.

ಮತ್ತ 'ಚಾಲೂ' ಯಾಕ ಬ್ಯಾಡ? ನಮ್ಮ ರಾಯಚೂರು 1948ರ ತನಕ ನಿಜಾಮರ ಕೈಯಾಗಿತ್ತು, ನಮ್ಮ ಅಜ್ಜಂದಿರು ಸಾಲ್ಯಾಗ ಉರ್ದು ಕಲ್ತು ಮನ್ಯಾಗ ಕನ್ನಡ ಆಡಿದೋರು. ದುರಸ್ತಿ, ಬಂದ್, ಖರಾಬ್, ಖಾಲಿ, ಬದಲು, ತಯಾರಿ, ಅರ್ಜಿ, ಜಮೀನು. ಇದರಾಗ ಒಂದು ತೆಗ್ದು ತೋರಿಸ್ರಿ, ಸಂತ್ಯಾಗ ಮಾತಾಡಕ್ಕ ಆಗ್ತದೇನು ನೋಡೋಣ. ಸಂಸ್ಕೃತ ಬ್ಯಾಡ ಅಂತೀರಿ, ಪಾರಸಿ ಬ್ಯಾಡ, ಇಂಗ್ಲಿಷ್ ಬ್ಯಾಡ, ಉಳಿಯೋದು ಏಳು, ಬೀಳು, ಕೂಡು ಇಷ್ಟೇ. ಅಂದಹಾಗ 1997ರ ತನಕ ನೀವೂ ರಾಯಚೂರು ಜಿಲ್ಲೆದೋರೇ, ತಿರುಳು ಯಾವಾಗ ಬ್ಯಾರೆ ಆತು?

ಬಳ್ಳಾರಿಯಿಂದ:

ಸಂಸ್ಕೃತದ 'ವೈಫಲ್ಯ' ಬೇಕೇ ಬೇಕು ಅಂದೋರೇ ಈಗ 'ಚಾಲೂ' ವಕಾಲತ್ತು ವಹಿಸ್ತಾರೆ, ನೋಡ್ರಪ್ಪ. ನಾವು 1953ರ ತನಕ ಮದ್ರಾಸಿನಾಗಿದ್ದೋರು, ನಮ್ಮ ಬಾಯಾಗೆ ತೆಲುಗೂ ಐತೆ ಇಂಗ್ಲಿಷೂ ಐತೆ, ಯಾರೂ ನಮ್ಮ ಕನ್ನಡ ಕಸ್ಕೊಂಡಿಲ್ಲ. ರ್‍ಯಾಮಿಗೆ ಪದ ಹುಡುಕ್ತೀರೇನು? ಅಂಗಡೀಲಿ 'ನೆನಪಿನ ಪಟ್ಟಿ ಕೊಡಿ' ಅಂದ್ರೆ ಬರೋದು ಫೋಟೋ ಆಲ್ಬಂ. ಭಾಗಗಳ ಹೆಸರು ಇಂಗ್ಲಿಷಿನಾಗೇ ಬಿಡ್ರಿ, ಆಗೋ ತೊಂದ್ರೆ ಕನ್ನಡದಾಗೆ ಹೇಳ್ರಿ. ಸೇಫ್ ಮೋಡನ್ನ 'ಕಾಪಿನ ಬಗೆ' ಅಂತ ಅಚ್ಚು ಹಾಕ್ಸಿದ್ರೆ ಗಿರಾಕಿ ಪರದೆ ಮೇಲೆ ಕಾಪು ಎಲ್ಲೈತೆ ಅಂತ ಹುಡುಕ್ತಾನೆ, ಅಲ್ಲಿ ಬರ್ದಿರೋದು ಸೇಫ್ ಮೋಡ್ ಅಂತಾನೇ.

ಕೊಪ್ಪಳದಿಂದ:

ಪರದೆ ಮೇಲೂ ಕನ್ನಡ ಬರಬೇಕು ಅನ್ನೋದೇ ನನ್ನ ವಾದ. ಇಂಗ್ಲಿಶ್ ಇದೆ ಅಂತ ಇಂಗ್ಲಿಶೇ ಬರೀತಾ ಹೋದ್ರೆ ಅದು ಯಾವತ್ತು ಬರ್ತದೆ?

ಬಳ್ಳಾರಿಯಿಂದ:

ಬಂದಾಗ ಹಾಳೆ ಬದಲಿಸ್ತೀವಿ. ಈಗ ಮಷೀನ್ ಎಬ್ಬಿಸ್ಬೇಕು.

ಗಂಗಾವತಿಯಿಂದ:

ಎಲ್ಲರಿಗೂ ಥ್ಯಾಂಕ್ಸ್ ರೀ, ಪ್ರೆಸ್ಸಿನೋರು ಫೋನ್ ಮ್ಯಾಲೆ ಫೋನ್ ಮಾಡಾಕಹತ್ಯಾರ. ತಲೆಬರಹ ಹಿಂಗ ಹಾಕೀನಿ:

ಲೈಟಿಲ್ಲ, ಫ್ಯಾನಿಲ್ಲ, ಏನೂ ಆಗವಲ್ದು. ಫ್ಯಾನ್ ತಿರಗತೈತಿ, ಪರದೆ ಬರವಲ್ದು. ಲೋಗೋ ಬಂದು ಅಲ್ಲೇ ನಿಂತೈತಿ. ನೀಲಿ ಪರದೆ ಬಿದ್ದು ತಾನೇ ರೀಸ್ಟಾರ್ಟ್ ಆಗತೈತಿ. ನಡುವ ಗರ ಬಡದು ಕುಂತೈತಿ. ಕಾದು ತಾನೇ ಆರತೈತಿ.

ಮ್ಯಾಲಿನ ಹೆಸರು "ಕಂಪ್ಯೂಟರ್ ಏಳವಲ್ದು? ಮನ್ಯಾಗ ಇಷ್ಟು ನೋಡ್ರಿ". ಕೊಪ್ಪಳದೋರ 'ಏಳು' ಉಳಿಸೀನಿ, 'ಎಣ್ಣುಕ' ಬಿಟ್ಟೀನಿ. ರಾಯಚೂರು ಸರ್ ಹೇಳಿದ 'ಸ್ಥಗಿತ' ಎಲ್ಲೂ ಕೂಡ್ಲಿಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ. ಟ್ರಬಲ್‌ಶೂಟಿಂಗ್ ಅನ್ನೋ ಪದಾನೇ ಬೇಕಾಗ್ಲಿಲ್ಲ. ಕ್ರ್ಯಾಶ್ ಅನ್ನೋದು ಒಂದೇ ಕಡೆ ಐತಿ, ಅದೂ ಪ್ರೆಸ್ಸಿನ ಹಳೇ ಫಾಂಟಿಗೆ ಹಾಕಿದ್ರ ಒತ್ತು ಒಂದ್ಕಡೆ ದೀರ್ಘ ಒಂದ್ಕಡೆ ಹಾರಿ ಹೋಗಾಕಹತ್ತಿತ್ತು, ಅದಕ್ಕ 'ಕ್ರಾಶ್' ಅಂತ ಮಾಡೀನಿ.

ಕೊನೀಗೆ ಒಂದು ಸಾಲು, "ಏನು ಮಾಡೋಕಿಂತ ಮೊದ್ಲು ಬ್ಯಾಕಪ್ ತಗೊಳ್ರಿ". ಅದನ್ನೂ ಹಂಗೇ ಬಿಡ್ಲೇನು?

ಕೊಪ್ಪಳದಿಂದ:

ಬ್ಯಾಕಪ್ ಬೇಡ. 'ಕಾಪಿಟ್ಟ ನಕಲು' ಅನ್ನಿ.

ರಾಯಚೂರಿಂದ:

ನಕಲು ಅರಬ್ಬಿ.

ಗಂಗಾವತಿಯಿಂದ:

ಬ್ಯಾಕಪ್ ಅಂತಾನೇ ಕೊಟ್ಟು ಕಳ್ಸಿದೆ ರೀ.