ಬೆನ್ನುಫಣಿ, ರಾಜಫೋಡಾ, ಸರತಾನ್: ಹೈದರಾಲಿಯ ಕಾಯಿಲೆಗೆ ಸರಿಯಾದ ಪದ ಯಾವುದು?

ಸ್ನೇಹಿತರೇ, ನಮಸ್ಕಾರ.

ಹೋದ ಭಾನುವಾರ ಮಗಳನ್ನು ಕರೆದುಕೊಂಡು ಮಂಗಳೂರಿನ ಬೋಳೂರಿನಲ್ಲಿರುವ ಟಿಪ್ಪು ಕಾಲದ ಕಾವಲುಗೋಪುರ ಸುಲ್ತಾನ್ ಬತ್ತೇರಿಗೆ ಹೋಗಿದ್ದೆ. ಮನೆಗೆ ಬಂದವಳು ಹಳೆಯ ಚರಿತ್ರೆ ಪುಸ್ತಕ ತೆಗೆದು ಓದತೊಡಗಿದಳು. ಅದರಲ್ಲಿ ಹೈದರಾಲಿ ಬೆನ್ನುಫಣಿಯಿಂದ ತೀರಿಕೊಂಡ ಎಂದಿತ್ತು. 'ಅಪ್ಪಾ, ಹಾವು ಬೆನ್ನಿಗೆ ಹೇಗೆ ಕಚ್ಚಿತು?' ಎಂದು ಕೇಳಿದಳು. ಫಣಿ ಎಂದರೆ ನಾಗ ಎಂದು ಅವಳಿಗೆ ಗೊತ್ತು. ನಾಗನಕಟ್ಟೆಯ ಊರಿನ ಮಗು ಅಲ್ವಾ!

ಬೆನ್ನುಫಣಿ ಹಾವಿನ ಕಡಿತವಲ್ಲ, ಬೆನ್ನಲ್ಲೋ ಕುತ್ತಿಗೆಯ ಹಿಂದೋ ಏಳುವ ದೊಡ್ಡ ಕುರು. ನನ್ನ ಅಜ್ಜನಿಗೂ ಆಗಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. 'ಮೊದಲು ಸಣ್ಣ ಗುಳ್ಳೆ, ನಾಲ್ಕು ದಿನದಲ್ಲಿ ಅಂಗೈಯಷ್ಟು ಅಗಲ. ನೀರುದೋಸೆಯ ಹಾಗೆ ತೂತು ತೂತು, ಒಂದೊಂದು ತೂತಿನಿಂದಲೂ ಕೀವು' ಎಂದು ಅಮ್ಮ ಈಗಲೂ ಹೇಳುತ್ತಾರೆ. ವೈದ್ಯರೂ ಇದನ್ನು ಹೀಗೇ ಗುರುತಿಸುತ್ತಾರೆ: ಹಲವು ಕುರುಗಳು ಒಳಗೆ ಕೂಡಿಕೊಂಡು ಹಲವು ಬಾಯಿ ಬಿಡುತ್ತವೆ. ಸಕ್ಕರೆ ಕಾಯಿಲೆ ಇದ್ದವರಿಗೆ ಜಾಸ್ತಿ. ಆಯುರ್ವೇದದ ಚರಕ ಹೇಳುವ ಪ್ರಮೇಹಪಿಡಕೆಗಳಲ್ಲಿ, ಅಂದರೆ ಸಕ್ಕರೆ ಕಾಯಿಲೆಯಂಥ ರೋಗದಲ್ಲಿ ಏಳುವ ಕುರುಗಳಲ್ಲಿ, 'ವಿನತಾ' ಎಂಬುದೊಂದಿದೆ. ಅದು ಬೆನ್ನಲ್ಲೋ ಹೊಟ್ಟೆಯ ಮೇಲೋ ಏಳುವ ದೊಡ್ಡ, ನೀಲಿ ಬಣ್ಣದ ಕುರು. ಬೆನ್ನುಫಣಿಗೆ ತೀರಾ ಹತ್ತಿರದ ವಿವರಣೆ ಎಂದು ನನಗನಿಸುತ್ತದೆ.

ಇನ್ನು ಹೈದರನ ವಿಷಯ. 1782ರ ನವೆಂಬರಿನಲ್ಲಿ ಕಾಯಿಲೆ ಕಾಣಿಸಿಕೊಂಡಿತು. ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ನರಸಿಂಗರಾಯನಪೇಟೆಯ ದಂಡಿನಲ್ಲಿ ಆತ ತೀರಿಕೊಂಡ. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಎರಡು ಹೆಸರು ಕೊಡುತ್ತಾನೆ. ಹಿಂದೂಗಳು ಇದನ್ನು ರಾಜಫೋಡಾ (ಫೋಡಾ ಎಂದರೆ ಕುರು) ಎಂದರಂತೆ, ದೊಡ್ಡ ಮನೆತನದವರಿಗೇ ಬರುತ್ತದೆ ಎಂಬ ನಂಬಿಕೆಯಿಂದ. ಮುಸ್ಲಿಮರು ಸರತಾನ್, ಅಂದರೆ ಏಡಿ, ಎಂದರಂತೆ. ಬಾವು ಏಡಿಯ ಹಾಗೆ ಕಾಣುತ್ತದಲ್ಲ, ಅದಕ್ಕೆ. ಹಿಂದೂ, ಮುಸ್ಲಿಂ, ಫ್ರೆಂಚ್ ವೈದ್ಯರು ಮೂವರೂ ಸೇರಿ ನೋಡಿದರೂ ಗುಣವಾಗಲಿಲ್ಲ.

ನನ್ನ ತಕರಾರು ಇರುವುದು ಇಲ್ಲಿ. ಸರತಾನ್ ಎಂದರೆ ಇವತ್ತು ಉರ್ದುವಿನಲ್ಲಿ ಕ್ಯಾನ್ಸರ್. ತೆಲುಗಿನ ರಾಚಪುಂಡು, ಅಂದರೆ ರಾಜಹುಣ್ಣು, ಅದೂ ಈಗ ಕ್ಯಾನ್ಸರ್. ಹಾಗಾಗಿ ಹೈದರ್ ಕ್ಯಾನ್ಸರಿನಿಂದ ಸತ್ತ ಎಂದು ಕನ್ನಡದಲ್ಲೂ ಕೆಲವರು ಬರೆಯುತ್ತಾರೆ. ಇದು ಪದ ಹಾಕಿದ ಗಂಟು ಎಂದು ನಾನು ಭಾವಿಸುತ್ತೇನೆ. ಕಾಣಿಸಿಕೊಂಡು ತಿಂಗಳೊಳಗೆ ಕೊಂದ ಬೆನ್ನಿನ ಹುಣ್ಣಿಗೆ ಬೆನ್ನುಫಣಿ ಎಂಬ ನಮ್ಮ ಹಳೆಯ ಪದವೇ ಸರಿಯಾಗಿ ಕೂರುತ್ತದೆ.

ಆ ಕುರುವಿನ ಪರಿಣಾಮ ನಮ್ಮೂರು ಮಂಗಳೂರಿನವರೆಗೂ ಬಂತು ಎಂದು ಮಗಳಿಗೆ ಹೇಳಿದೆ. ಟಿಪ್ಪು ಆಗ ಮಲಬಾರಿನ ಪೊನ್ನಾನಿ ಕಡೆ ಇದ್ದ. ಸುದ್ದಿ ಹೊರಬಿದ್ದರೆ ದಂಡು ಚದುರುತ್ತದೆ ಎಂದು ಹೈದರನ ಮಂತ್ರಿಗಳಾದ ಪೂರ್ಣಯ್ಯ, ಕೃಷ್ಣರಾಯರು ಸಾವನ್ನು ಗುಟ್ಟಾಗಿಟ್ಟರು. ಖಜಾನೆ ಸಾಗಿಸುವ ಹಾಗೆ ಹೆಣವನ್ನು ಪೆಟ್ಟಿಗೆಯಲ್ಲಿಟ್ಟು ಕೋಲಾರಕ್ಕೆ ಕಳಿಸಿದರು. ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಪಟ್ಟಕ್ಕೆ ಕೂರಿಸುವ ಒಳಸಂಚೂ ನಡೆದು ಸಿಕ್ಕಿಬಿತ್ತು. ಟಿಪ್ಪು ಪಟ್ಟಕ್ಕೆ ಬಂದ ಹೊಸತರಲ್ಲೇ, 1783ರ ಮೊದಲ ತಿಂಗಳುಗಳಲ್ಲಿ, ಬಿದನೂರೂ ಮಂಗಳೂರೂ ಇಂಗ್ಲಿಷರ ಕೈಸೇರಿದವು. ಆತ ಬಂದು ಮೇ ತಿಂಗಳಿಂದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ಒಳಗಿದ್ದ ಕ್ಯಾಂಪ್‌ಬೆಲ್‌ನ ದಂಡು 1784ರ ಜನವರಿ ಕೊನೆಗೆ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ನಾವು ಆ ಭಾನುವಾರ ನಿಂತಿದ್ದ ಬತ್ತೇರಿಯೂ ಅದೇ ವರ್ಷದ್ದು.

ಬಲ್ಲವರಲ್ಲಿ ಕೆಲವು ಪ್ರಶ್ನೆಗಳು. ಫಣಿ ಎಂದದ್ದು ಹೆಡೆಯ ಹಾಗೆ ಉಬ್ಬುವುದಕ್ಕೇ ಇರಬೇಕು ಎಂದು ನನ್ನ ಊಹೆ. ಬೇರೆ ಮೂಲ ಇದೆಯೇ? ಸರ್ಪಸುತ್ತು ಬೇರೆಯೇ ಕಾಯಿಲೆ, ಆದರೂ ಹಾವಿನ ಹೆಸರು ಇರುವುದರಿಂದ ಎರಡನ್ನೂ ಒಂದೇ ಎಂದುಕೊಂಡವರನ್ನು ಕಂಡಿದ್ದೇನೆ. ನಿಮ್ಮ ಕಡೆಯೂ ಹಾಗೆಯೇ?

ರಾಜಫೋಡಾದ ರಾಜ ಎಂದರೆ ರಾಜರಿಗೆ ಬರುವುದು ಎಂದೋ, ಕುರುಗಳಲ್ಲೆಲ್ಲ ದೊಡ್ಡದು ಎಂದೋ? ರಾಜಬೀದಿ ಎಂದರೆ ದೊಡ್ಡ ಬೀದಿ ತಾನೇ. ರಾಜಯಕ್ಷ್ಮಕ್ಕೆ, ಅಂದರೆ ಕ್ಷಯಕ್ಕೆ, ಮಾತ್ರ ಮೊದಲು ಚಂದ್ರರಾಜನಿಗೆ ಬಂದದ್ದು ಎಂಬ ಕಥೆ ಇದೆ. ನನಗೆ 'ದೊಡ್ಡದು' ಎಂಬ ಅರ್ಥವೇ ಹೆಚ್ಚು ಒಪ್ಪುತ್ತದೆ. ಆದರೂ ಉಂಡುಟ್ಟು ಸುಖವಾಗಿದ್ದವರಿಗೇ ಸಕ್ಕರೆ ಕಾಯಿಲೆ ಹೆಚ್ಚಾಗಿದ್ದ ಕಾಲದಲ್ಲಿ ಇನ್ನೊಂದು ಅರ್ಥವೂ ಸುಮ್ನೆ ಹುಟ್ಟಿರಲಿಕ್ಕಿಲ್ಲ.

ಕೊನೆಯದಾಗಿ, ಏಡಿಗೆ ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ ಅನ್ನುತ್ತೇವೆ. ಈ ಪದಗಳನ್ನು ಹುಣ್ಣಿಗೋ ಕುರುವಿಗೋ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಬ್ಯಾರಿ ಮಾತಿನಲ್ಲಿ ಬೆನ್ನುಫಣಿಗೆ ಏನೆನ್ನುತ್ತಾರೆ? ಮನೆಯ ಹಿರಿಯರನ್ನು ಕೇಳಿ ದಯವಿಟ್ಟು ತಿಳಿಸಿ.