ಡೆಂಗಿ ಜ್ವರ ಬಿಟ್ಟ ಮೇಲೂ ಆಸ್ಪತ್ರೆಯಲ್ಲೇ ಇರಬೇಕಾ?

ಪ್ರಶ್ನೆ, ಸಕಲೇಶಪುರ: ಮಗಳಿಗೆ 9 ವರ್ಷ, 25 ಕೆ.ಜಿ. ಡೆಂಗಿ ಪಾಸಿಟಿವ್. ನಾಲ್ಕು ದಿನ ಸುಡ್ತಿದ್ದ ಜ್ವರ ಇವತ್ತು ಬಿಟ್ಟಿದೆ. ಪ್ಲೇಟ್‌ಲೆಟ್ 68 ಸಾವಿರ, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 36 ಇದ್ದದ್ದು 41. ಮನೆಗೆ ಹೋಗ್ತೀವಿ ಅಂದ್ರೆ ಡಾಕ್ಟರ್ "ರಕ್ತನಾಳ ಸೋರೋ ಹೊತ್ತು, ಎರಡು ದಿನ ಇರ್ಲಿ" ಅಂತಾರೆ. ಎಲ್ಲೂ ರಕ್ತ ಬರ್ತಿಲ್ಲ, ಮತ್ತೆ ಸೋರೋದೇನು? ಪಪ್ಪಾಯಿ ಎಲೆ ರಸ ಕೊಡಬಹುದಾ?

ಮಕ್ಕಳ ವೈದ್ಯರು, ಹಾಸನ: ಸೋರೋದು ರಕ್ತ ಅಲ್ಲಮ್ಮ, ರಕ್ತದ ನೀರು, ಅಂದ್ರೆ ಪ್ಲಾಸ್ಮಾ. ಕೂದಲಿಗಿಂತ ಸಪೂರ ಇರೋ ರಕ್ತನಾಳಗಳ ಒಳಮೈಗೆ ಗ್ಲೈಕೋಕ್ಯಾಲಿಕ್ಸ್ ಅನ್ನೋ ತೆಳು ಲೋಳೆ ಪದರ ಇರುತ್ತೆ. ವೈರಸ್ಸಿನ ಎನ್‌ಎಸ್1 ಪ್ರೋಟೀನು, ಜೊತೆಗೆ ನಮ್ಮ ರೋಗನಿರೋಧಕ ಕೋಶಗಳೇ ಬಿಡೋ ರಾಸಾಯನಿಕಗಳು ಆ ಪದರ ಸವೆಸ್ತವೆ, ಗೋಡೆಯ ಕೋಶಗಳ ಸಂದು ಸಡಿಲವಾಗುತ್ತೆ. ನೀರು, ಆಲ್ಬುಮಿನ್ ಅನ್ನೋ ರಕ್ತದ ಪ್ರೋಟೀನು ಆಚೆ ಹೋಗಿ ಎದೆಗೂಡು, ಹೊಟ್ಟೆಯಲ್ಲಿ ನಿಲ್ತವೆ. ಕೆಂಪು ಕಣ ಒಳಗೇ ಉಳಿಯುತ್ತೆ, ರಕ್ತ ಮಂದವಾಗುತ್ತೆ. ನಿಮ್ಮ ಮಗಳ ಪಿಸಿವಿ ಏರಿರೋದು ಅದಕ್ಕೇ. ಇದು ಜೋರಾಗೋದು ಜ್ವರ ಇಳಿಯೋ ಹೊತ್ತಿಗೇ, 24ರಿಂದ 48 ಗಂಟೆ. ಗೋಡೆ ಒಡೆದಿರಲ್ಲ, ಆಮೇಲೆ ತಾನೇ ಸರಿಹೋಗುತ್ತೆ. ಆ ಎರಡು ದಿನ ದಾಟಿಸೋದೇ ಚಿಕಿತ್ಸೆ. ದಯವಿಟ್ಟು ಈಗ ಕರ್ಕೊಂಡು ಹೋಗಬೇಡಿ.

ಲ್ಯಾಬ್ ಟೆಕ್ನಿಷಿಯನ್, ಹಾಸನ: ಪ್ಲೇಟ್‌ಲೆಟ್ ಒಂದನ್ನೇ ನೋಡಬೇಡಿ. 36ಕ್ಕೆ ಶೇ. 20 ಸೇರಿಸಿದ್ರೆ 43. ಅಲ್ಲಿಗೆ ಮುಟ್ಟಿದ್ರೆ ಸೋರಿಕೆ ಗಟ್ಟಿ ಅಂತ ಲೆಕ್ಕ. 41 ಅಂದ್ರೆ ಆಗಲೇ ಶೇ. 14 ಏರಿದೆ. ಪ್ರತಿಸಲ ಒಂದೇ ಲ್ಯಾಬಲ್ಲಿ ಮಾಡ್ಸಿ. ಡ್ರಿಪ್ ಹೋಗ್ತಿರೋ ಕೈಯಿಂದ ರಕ್ತ ತೆಗೆದ್ರೆ ಸಲೈನ್ ಬೆರೆತು ಪಿಸಿವಿ ಸುಳ್ಳೇ ಕಡಿಮೆ ತೋರ್ಸುತ್ತೆ, ಇನ್ನೊಂದು ಕೈಯಿಂದ ತೆಗೀಲಿ.

ಮಕ್ಕಳ ವಾರ್ಡ್ ನರ್ಸ್, ಚಿಕ್ಕಮಗಳೂರು: ಅಕ್ಕ, ಬಿಪಿಯಲ್ಲಿ ಮೇಲಿನ ಅಂಕಿ ನೋಡಿ ಸಮಾಧಾನ ಪಡಬೇಡಿ. 100/65 ಇದ್ದದ್ದು 100/80 ಆದ್ರೆ ನಡುವಿನ ಅಂತರ 20ಕ್ಕೆ ಬಂತು. ಅದು ಶಾಕ್, ಅಂದ್ರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ಹೋಗ್ತಿಲ್ಲ ಅಂತ. ಮಗು ಎದ್ದು ಕೂತು ಮಾತಾಡ್ತಾನೇ ಇರುತ್ತೆ, ಅದಕ್ಕೇ ಮೋಸ ಹೋಗೋದು. ಅಂಗಾಲು ಮುಟ್ಟಿ ನೋಡಿ, ತಣ್ಣಗಿದೆಯಾ? ಬೆರಳ ತುದಿ 5 ಸೆಕೆಂಡು ಒತ್ತಿ ಬಿಡಿ. ಬೆಳ್ಳಗಾದದ್ದು 2 ಸೆಕೆಂಡಲ್ಲಿ ಕೆಂಪಾಗಬೇಕು. ಆಗ್ಲಿಲ್ಲ ಅಂದ್ರೆ ತಕ್ಷಣ ಸಿಸ್ಟರ್‌ನ ಕರೀರಿ. ಮೂತ್ರ ಅಳತೆ ಲೋಟಕ್ಕೇ ಹಿಡೀರಿ. 25 ಕೆ.ಜಿ.ಗೆ 6 ಗಂಟೆಯಲ್ಲಿ ಕನಿಷ್ಠ 75 ಮಿ.ಲೀ. ಬರಬೇಕು. ತಡೆಯಲಾರದ ಹೊಟ್ಟೆನೋವು, ಬಿಡದ ವಾಂತಿ, ಒಸಡಲ್ಲಿ ರಕ್ತ, ಕಪ್ಪು ಮಲ, ಮಂಕು: ಒಂದು ಕಂಡರೂ ಹೇಳಿ.

ಮಕ್ಕಳ ವೈದ್ಯರು, ಹಾಸನ: ಪಪ್ಪಾಯಿ ರಸ ಬೇಡ. ಸೋರಿಕೆ ಅದಕ್ಕೆ ನಿಲ್ಲಲ್ಲ, ಕಹಿಗೆ ವಾಂತಿಯಾದ್ರೆ ಅದು ಕಾಯಿಲೆಯದ್ದೋ ರಸದ್ದೋ ಗೊತ್ತಾಗಲ್ಲ. ರಕ್ತಸ್ರಾವ ಇಲ್ಲದೆ 68 ಸಾವಿರಕ್ಕೆ ಪ್ಲೇಟ್‌ಲೆಟ್ ಏರಿಸೋದೂ ಬೇಡ, ಅದು ನಾಳದ ಸಂದು ಮುಚ್ಚಲ್ಲ. ಮತ್ತೆ ಜ್ವರ ಬಂದ್ರೆ ಪ್ಯಾರಾಸಿಟಮಾಲ್ ಮಾತ್ರ, ಈ ತೂಕಕ್ಕೆ ಒಂದು ಸಲಕ್ಕೆ 250ರಿಂದ 375 ಮಿ.ಗ್ರಾಂ., 6 ಗಂಟೆಗೊಮ್ಮೆ. ಐಬುಪ್ರೊಫೆನ್, ಮೆಫೆನಮಿಕ್, ಆಸ್ಪಿರಿನ್, ಸೊಂಟದ ಇಂಜೆಕ್ಷನ್ ಯಾವುದೂ ಕೂಡದು.

ಡ್ರಿಪ್ ಜಾಸ್ತಿ ಹಾಕಿ ಅಂತ ಒತ್ತಾಯ ಮಾಡಬೇಡಿ. ಎಚ್ಚರಿಕೆಯ ಲಕ್ಷಣ ಇದ್ದಾಗ ಸಾಮಾನ್ಯವಾಗಿ ಗಂಟೆಗೆ ಕೆ.ಜಿ.ಗೆ 5ರಿಂದ 7 ಮಿ.ಲೀ. ಸಲೈನ್ ಶುರುಮಾಡಿ, ಒಂದೆರಡು ಗಂಟೆ ನೋಡಿ ಇಳಿಸ್ತಾ ಬರ್ತಾರೆ. ಯಾಕಂದ್ರೆ ಆಚೆ ಹೋದ ನೀರು ಆಮೇಲೆ 48ರಿಂದ 72 ಗಂಟೆಯಲ್ಲಿ ನಾಳದೊಳಗೆ ವಾಪಸ್ ಬರುತ್ತೆ. ಆಗಲೂ ಡ್ರಿಪ್ ಓಡ್ತಿದ್ರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತೆ.

ಪ್ರಶ್ನೆ ಕೇಳಿದವರು: ಹಾಗಾದ್ರೆ ಮನೆಗೆ ಯಾವಾಗ?

ನರ್ಸ್, ಚಿಕ್ಕಮಗಳೂರು: ಜ್ವರ ಬಿಟ್ಟು 48 ಗಂಟೆ ಕಳೀಬೇಕು, ಡ್ರಿಪ್ ಇಲ್ಲದೆ ಪಿಸಿವಿ ನಿಲ್ಲಬೇಕು, ಪ್ಲೇಟ್‌ಲೆಟ್ ಮೇಲಕ್ಕೆ ತಿರುಗಿರಬೇಕು, ಅವಳೇ ಹಸಿವು ಅಂತ ಕೇಳಬೇಕು. ಅಂಗೈ, ಕಾಲು ತುರಿಸಿ ಮೈ ಕೆಂಪಾದ್ರೆ ಗಾಬರಿ ಬೇಡ ಅಕ್ಕ, ಅದು ಗುಣವಾಗ್ತಿರೋ ಗುರುತು.